ಬರೆದದ್ದು 13,500, ಕಳೆದದ್ದು 1,35,000

"ದುಡ್ಡು ಯಾರ ಖಾತೆಗೆ ಹೋಗೇತೋ ಅವರ ಹತ್ರನೇ ಇಸ್ಕಳ್ರಿ."

ಇವತ್ತು ಬೆಳಗ್ಗೆ ಪಿ.ಬಿ. ರಸ್ತೆ ಕಡೆಯ ಒಂದು ಬ್ಯಾಂಕಿನಲ್ಲಿ ಚನ್ನಗಿರಿ ಕಡೆಯ ಹಿರಿಯರೊಬ್ಬರಿಗೆ ಸಿಕ್ಕ ಉತ್ತರ ಇದು. ಡ್ರಿಪ್ ಪೈಪಿನ ಅಂಗಡಿಗೆ ಅವರು ಕೊಟ್ಟ ಚೆಕ್ 13,500ರದು. ಪಾಸ್‌ಬುಕ್ಕಿನಲ್ಲಿ ಕಳೆದಿರುವುದು 1,35,000. ಬ್ಯಾಂಕ್ ಯಾವುದು ಅಂತ ಕೇಳಬೇಡಿ, ಹೇಳಲ್ಲ. ಆದರೆ ಕ್ಲಿಯರಿಂಗ್ ಟೇಬಲ್ಲಿನಲ್ಲಿ, ಅಂದರೆ ಬ್ಯಾಂಕುಗಳ ನಡುವೆ ಚೆಕ್ ಪಾಸು ಮಾಡುವ ಕೆಲಸದಲ್ಲಿ, ಕಣ್ಣು ಸವೆಸಿದವನು ನಾನು ಅಂತ ನಿಮಗೆಲ್ಲ ಗೊತ್ತಲ್ಲ, ಸುಮ್ಮನೆ ಇರೋಕಾಗಲಿಲ್ಲ.

ಅಂಗಡಿಯವನ ಹತ್ತಿರ ಯಾಕ್ರೀ ಹೋಗಬೇಕು? ಚೆಕ್ ಅಂದರೆ ಖಾತೆದಾರ ತನ್ನ ಬ್ಯಾಂಕಿಗೆ ಕೊಟ್ಟ ಆದೇಶ. ಆದೇಶ 13,500ಕ್ಕೆ. ಮೇಲಿನ 1,21,500ಕ್ಕೆ ಆದೇಶವೇ ಇಲ್ಲ. ಅದನ್ನು ಖಾತೆಗೆ ವಾಪಸ್ ಹಾಕಬೇಕಾದ್ದು ಅವರದೇ ಬ್ಯಾಂಕ್. ಆ ಬ್ಯಾಂಕು ಅಂಗಡಿಯವನ ಬ್ಯಾಂಕಿನ ಜತೆ ಗುದ್ದಾಡಿಕೊಳ್ಳಲಿ.

ತಪ್ಪಾಗುವುದು ಹೀಗೆ. ಚೆಕ್ಕಿನ ಕೆಳಗಿನ ಬಿಳಿ ಪಟ್ಟಿಯಲ್ಲಿ 6 ಅಂಕಿಯ ಚೆಕ್ ನಂಬರು, ಬ್ಯಾಂಕು, ಶಾಖೆ ಯಾವುದು ಅಂತ ಹೇಳುವ 9 ಅಂಕಿಯ ಎಂಐಸಿಆರ್ ಕೋಡ್ ಇರುತ್ತವೆ. ಮಷಿನ್ ಅವನ್ನು ತಾನೇ ಓದುತ್ತದೆ. ಮೊತ್ತ ಆ ಪಟ್ಟಿಯಲ್ಲಿಲ್ಲ. ಚೆಕ್ ಹಾಕಿದ ಬ್ಯಾಂಕಿನಲ್ಲಿ ಅದನ್ನು ಬೇರೆಯಾಗಿ ನಮೂದಿಸಬೇಕು. ಒಂದು ಸೊನ್ನೆ ಹೆಚ್ಚು ಬಿತ್ತೋ, ಮೊತ್ತದ ಕೊನೆಗೆ ಎಳೆದ ಗೆರೆ 1 ಅಂತ ಕಂಡಿತೋ, ಮುಗೀತು. ಆಮೇಲೆ ಖಾತೆದಾರನ ಬ್ಯಾಂಕು, ಕಾಗದದ ಬದಲು ತನಗೆ ಬರುವ ಚೆಕ್ಕಿನ ಚಿತ್ರ ನೋಡಿ ತಾಳೆ ಹಾಕಬೇಕು. 2025ರ ಅಕ್ಟೋಬರ್ 4ರಿಂದ ಕ್ಲಿಯರಿಂಗ್ ದಿನವಿಡೀ ನಡೆಯುವಂತಾಯಿತು. ಹಗಲೆಲ್ಲ ಚೆಕ್ ಬರುತ್ತಲೇ ಇರುತ್ತವೆ, ಸಂಜೆ 7ರೊಳಗೆ ಉತ್ತರ ಕೊಡದಿದ್ದರೆ ಒಪ್ಪಿದಂತೆ ಅಂತ ನಿಯಮ ಬಂತು. ಒತ್ತಡ ಇದೆ, ಒಪ್ಪುತ್ತೇನೆ. ಒತ್ತಡದ ಬಿಲ್ಲು ಖಾತೆದಾರನ ಹೆಸರಿಗೆ ಯಾಕೆ?

"ಅಕ್ಷರದಾಗೆ ಕನ್ನಡ ಬರೆದೀರಿ, ಅದ್ಕೇ ಹಿಂಗಾಗೇತಿ" ಅಂತ ಇನ್ನೊಂದು ಸಬೂಬು. ಕನ್ನಡದಲ್ಲಿ ಚೆಕ್ ಬರೆಯಲು ರಿಸರ್ವ್ ಬ್ಯಾಂಕೇ ಅವಕಾಶ ಕೊಟ್ಟಿದೆ, ಸ್ವಾಮಿ. ಅಂಕಿಗೂ ಅಕ್ಷರಕ್ಕೂ ಹೊಂದದಿದ್ದರೆ ಅಕ್ಷರದ ಮೊತ್ತವೇ ಲೆಕ್ಕ ಅನ್ನುತ್ತದೆ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 18ನೇ ಕಲಂ. ಇಲ್ಲಿ ಎರಡೂ ಹೊಂದುತ್ತಿದ್ದವು. ಎರಡನ್ನೂ ಯಾರೂ ಓದಿಲ್ಲ, ಅಷ್ಟೇ.

ಪಾಸಿಟಿವ್ ಪೇ, ಅಂದರೆ ಚೆಕ್ಕಿನ ವಿವರ ಬ್ಯಾಂಕಿಗೆ ಮೊದಲೇ ತಿಳಿಸುವ ವ್ಯವಸ್ಥೆ, ಇದೆಯಲ್ಲ ಅನ್ನುತ್ತೀರಿ. ಅದು 50,000 ಮತ್ತು ಮೇಲಿನ ಚೆಕ್‌ಗಳಿಗೆ. ಮುಂದೆ ಲಕ್ಷ ದಾಟುತ್ತದೆ ಅಂತ ಕನಸು ಕಂಡು 13,500ರ ಚೆಕ್ಕಿನ ವಿವರ ಯಾರು ಮೊದಲೇ ಕೊಟ್ಟಿರುತ್ತಾರೆ? ಯುಪಿಐ ಮಾಡಬಾರದಿತ್ತಾ ಅನ್ನುವವರು ದಯವಿಟ್ಟು ಹೋಗಿ ಒಂದು ಬೆಣ್ಣೆ ದೋಸೆ ತಿಂದು ಬನ್ನಿ.

ಮಾಡಬೇಕಾದ್ದು ಇಷ್ಟು. ಸ್ಟಾಪ್ ಪೇಮೆಂಟ್ ಕೊಡಬೇಡಿ. ಹಣ ಹೋದ ಮೇಲೆ ಅದರಿಂದ ಏನೂ ನಿಲ್ಲುವುದಿಲ್ಲ. ಚೆಕ್ಕಿನ ಎರಡೂ ಬದಿಯ ಚಿತ್ರದ ಪ್ರತಿ ಕೇಳಿ. ಅಸಲು ಕಾಗದ ನಿಮ್ಮ ಬ್ಯಾಂಕಿಗೆ ಬಂದೇ ಇರುವುದಿಲ್ಲ, ಹಾಕಿದ ಬ್ಯಾಂಕಿನಲ್ಲಿ 10 ವರ್ಷ ಇರಬೇಕು. ಬಾಯಿಮಾತು ಬಿಟ್ಟು ಅರ್ಜಿ ಬರೆಯಿರಿ: ಚೆಕ್ ನಂಬರು, ಕಳೆದ ತಾರೀಖು, ಬರೆದ ಮೊತ್ತ, ಕಳೆದ ಮೊತ್ತ, ವ್ಯತ್ಯಾಸ. ಹಣ ಕಳೆದ ದಿನದ ವ್ಯಾಲ್ಯೂ ಡೇಟ್‌ನಲ್ಲೇ, ಅಂದರೆ ಅವತ್ತೇ ಜಮಾ ಆದಂತೆ ಲೆಕ್ಕ ಹಿಡಿದು, ವ್ಯತ್ಯಾಸ ಜಮಾ ಆಗಬೇಕು ಅಂತ ಕೇಳಿ. ಇಲ್ಲದಿದ್ದರೆ ನಡುವಿನ ದಿನಗಳ ಬಡ್ಡಿ ಹೋಗುತ್ತದೆ. ಬ್ಯಾಲೆನ್ಸ್ ಇಳಿದಿದ್ದಕ್ಕೆ ಹಾಕಿದ ದಂಡ, ಕಂತು ಬೌನ್ಸ್ ಆದ ಶುಲ್ಕ ಇದ್ದರೆ ಅದನ್ನೂ ಸೇರಿಸಿ. ಇದೇ ಕಾರಣಕ್ಕೆ ನಿಮ್ಮ ಇನ್ನೊಂದು ಚೆಕ್ ವಾಪಸಾದರೆ ಅದೇ ಕಾಯ್ದೆಯ 31ನೇ ಕಲಂ ನೆನಪಿಸಿ: ಖಾತೆಯಲ್ಲಿ ಹಣವಿದ್ದೂ ಚೆಕ್ ಪಾಸು ಮಾಡದ ಬ್ಯಾಂಕು ನಷ್ಟ ತುಂಬಿಕೊಡಬೇಕು. 30 ದಿನದಲ್ಲಿ ಬಗೆಹರಿಯದಿದ್ದರೆ ಗ್ರಾಹಕರ ದೂರು ಕೇಳುವ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್ ಇದ್ದಾರೆ, ಸಹಾಯವಾಣಿ 14448.

ಅಂಗಡಿಯವನಿಗೆ ಒಂದು ಫೋನ್ ಮಾಡಿ, ಆ ಹಣ ಮುಟ್ಟಬೇಡಪ್ಪ ಅಂತ ಹೇಳಿ, ಸಾಕು. ಅವನು ಒಳ್ಳೆಯವನಾಗಿ ಫೋನ್‌ಪೇ ಮಾಡಿ, ಇತ್ತ ಬ್ಯಾಂಕೂ ಜಮಾ ಮಾಡಿದರೆ ಎರಡು ಸಲ ಬಂದ ಹಣಕ್ಕೆ ಇನ್ನೊಂದು ಪಂಚಾಯ್ತಿ. ಉಲ್ಟಾ ಆಗಿ 1,350 ಮಾತ್ರ ಕಳೆದಿದ್ದರೂ ಅಷ್ಟೇ. ಬಾಕಿಗೆ ಅವಸರದಲ್ಲಿ ಇನ್ನೊಂದು ಚೆಕ್ ಬರೆಯಬೇಡಿ. ಅವನ ಬ್ಯಾಂಕು ಅದೇ ಚೆಕ್ಕಿನ ಮೇಲೆ ಉಳಿದದ್ದನ್ನು ಕೇಳಿದರೆ ನೀವು ಎರಡು ಸಲ ಕೊಟ್ಟಂತೆ.

ನನಗೂ ದನಿ ಏರಿತ್ತು, ಸುಳ್ಳು ಹೇಳಲ್ಲ. ಆ ಕ್ಯಾಬಿನ್ ಹುಡುಗಿಗೆ ಅಷ್ಟು ಗದರಬಾರದಿತ್ತು. ಕೊನೆಗೆ ಅವಳೇ ಅರ್ಜಿ ತಗೊಂಡು ಪ್ರತಿಯ ಮೇಲೆ ಸೀಲ್ ಒತ್ತಿದಳು. ಹೊರಗೆ ಬಂದು ನೋಡಿದರೆ ಸೀಲಿನ ತಾರೀಖು ನಿನ್ನೆಯದು. ವಾಪಸ್ ಹೋಗಿ ಚಕ್ರ ತಿರುಗಿಸಿ ಒತ್ತಿಸಿಕೊಂಡು ಬಂದೆವು.