ಕಲಾವಿದರ ಕಾಟ ತಪ್ಪಿತು

ಕಡೆಗೂ ನಾಡಿಗೆ ಕಲಾವಿದರ ಕಾಟ ತಪ್ಪಿತು. ಈ ಸಲದ ರಾಜ್ಯೋತ್ಸವದ ಫ್ಲೆಕ್ಸುಗಳನ್ನು ನೋಡಿದಿರಲ್ಲ? ಚಿತ್ರವೆಲ್ಲ ಎಐ ಎಂಬ ಯಂತ್ರದ್ದೇ. ಸರ್ಕಲ್ಲಿಗೊಬ್ಬಳು ಭುವನೇಶ್ವರಿ, ಎಲ್ಲರ ಮುಖದಲ್ಲೂ ಒಂದೇ ಕ್ರೀಮಿನ ಹೊಳಪು. ನಮ್ಮ ಬಸ್‌ಸ್ಟಾಪಿನ ಪಕ್ಕದ ತಾಯಿಗೆ ಬಲಗೈಯಲ್ಲಿ ಆರು ಬೆರಳು. ಹಿಂದೆ ಹಂಪಿಯ ಕಲ್ಲಿನ ರಥ, ಅದಕ್ಕೆ ಅಂಟಿಕೊಂಡೇ ಜೋಗ. ಬಾವುಟದ ಮೇಲೆ ಏನೋ ಬರೆದಿದೆ. ದೂರದಿಂದ ಕನ್ನಡ, ಹತ್ತಿರ ಹೋದರೆ ಯಾವ ಭಾಷೆಯೂ ಅಲ್ಲ. ಕೆಳಗೆ ಶುಭ ಕೋರುವವರ ಫೋಟೊಗಳು ಮಾತ್ರ ಬಲು ಸ್ಪಷ್ಟ. ಕೈಮುಗಿದು ನಿಂತ ಅಷ್ಟು ಜನರಲ್ಲಿ ಒಬ್ಬರಿಗೂ ಬೆರಳು ಜಾಸ್ತಿಯಾಗಿಲ್ಲ. ಅಲ್ಲಿ ಯಂತ್ರಕ್ಕೆ ಕೈ ಹಾಕಲು ಬಿಟ್ಟಿಲ್ಲ.

(ಬೆಂಗಳೂರಲ್ಲಿ 2018ರಲ್ಲೇ ಫ್ಲೆಕ್ಸ್ ನಿಷೇಧಿಸಿದ್ದರಲ್ವಾ ಎಂದು ಕೇಳಬೇಡಿ. ಹಬ್ಬದ ದಿನ ಅಂಥ ಮಾತಾಡಬಾರದು.)

ಎಷ್ಟು ಉಳಿತಾಯ ನೋಡಿ. ಮೊದಲಾದರೆ ಒಬ್ಬ ಕಲಾವಿದನ ಮನೆಗೆ ಹೋಗಬೇಕಿತ್ತು. ಅಳತೆ ಎಷ್ಟು, ಯಾವತ್ತಿಗೆ ಬೇಕು ಎಂದು ಆತ ತಲೆ ತಿನ್ನುತ್ತಿದ್ದ. ಆಮೇಲೆ ಅಡ್ವಾನ್ಸ್ ಬೇರೆ ಕೇಳುತ್ತಿದ್ದ! ಶಾಮಿಯಾನದವನು, ಮೈಕ್‌ಸೆಟ್ಟಿನವನು ಕೇಳಿದರೆ ಅದು ವ್ಯವಹಾರ. ಚಿತ್ರ ಬರೆಯುವವನು ಕೇಳಿದರೆ ದುರಾಸೆ. 'ನಿಮಗೂ ಪ್ರಚಾರ ಸಿಗುತ್ತಲ್ಲ ಸಾರ್' ಎಂದು ಸಮಾಧಾನ ಮಾಡಿ, ಒಂದು ಶಾಲು, ಒಂದು ಹಾರ, ಮೂರು ಮೋಸಂಬಿ ಕೊಟ್ಟು ಕಳಿಸಬೇಕಿತ್ತು. ಈಗ ಮೋಸಂಬಿಯೂ ಉಳಿಯಿತು.

ಫ್ಲೆಕ್ಸ್ ಬರುವ ಮುಂಚೆ ಊರೂರಲ್ಲೂ ಬೋರ್ಡ್ ಬರೆಯುವವರಿದ್ದರು, ನೆನಪಿದೆಯಾ? ತಗಡಿಗೆ ಬಣ್ಣ ಹೊಡೆದು ಒಣಗಲು ಬಿಡುವುದು. ಸುಣ್ಣದ ಪುಡಿ ಮೆತ್ತಿದ ದಾರವನ್ನು ಬಿಗಿಯಾಗಿ ಹಿಡಿದು ಒಮ್ಮೆ ಚಟ್ ಅನಿಸಿದರೆ ಗೆರೆ ಸಿದ್ಧ. ಎಡಗೈಲಿ ಒಂದು ಕೋಲು, ಅದರ ಮೇಲೆ ಬಲಗೈ ಊರಿ ತಲೆಕಟ್ಟಿನಿಂದ ಶುರು. ಕೊಂಬು ತಿರುಗಿಸುವಾಗ ಉಸಿರು ಬಿಗಿಹಿಡಿಯುತ್ತಿದ್ದರು. ಎರಡು ಹೆಜ್ಜೆ ಹಿಂದೆ ಬಂದು ನೋಡಿ, ಯಾರಿಗೂ ಕಾಣದ ತಪ್ಪೊಂದನ್ನು ತಿದ್ದುತ್ತಿದ್ದರು. ಕಡೆಗೆ ಮೂಲೆಯಲ್ಲಿ, ಸಣ್ಣಗೆ, ತಮ್ಮ ಹೆಸರು. ಕಿರಾಣಿ ಅಂಗಡಿಯ ಬೋರ್ಡಿಗೂ ಸಹಿ! ಬೆಲ್ಲ ಕೊಳ್ಳಲು ಬಂದವರು ಯಾರು ಅದನ್ನು ಓದುತ್ತಿದ್ದರು ಹೇಳಿ. ಆದರೂ ಹಾಕುತ್ತಿದ್ದರು. ಆರು ಬೆರಳಿನ ತಾಯಿಯ ಕೆಳಗೆ ಯಾರ ಸಹಿಯೂ ಇಲ್ಲ.

2025ರ ಮಾರ್ಚಿನಲ್ಲಿ ಎಐಗೆ ಫೋಟೊ ಕೊಟ್ಟು ನಾವೆಲ್ಲ ಜಿಬ್ಲಿ, ಅಂದರೆ ಜಪಾನಿನ ಜಿಬ್ಲಿ ಸ್ಟುಡಿಯೊದ ಕಾರ್ಟೂನ್ ಸಿನಿಮಾದ ಬೊಂಬೆ, ಆದೆವಲ್ಲ. ಮದುವೆ ಫೋಟೊ, ನಾಯಿ, ಮಂತ್ರಿ, ಯಾರನ್ನೂ ಬಿಡಲಿಲ್ಲ. ಅದೇ ಜಿಬ್ಲಿ ಸ್ಟುಡಿಯೊದಲ್ಲಿ ಈಜಿ ಯಾಮಮೋರಿ ಎಂಬ ಚಿತ್ರಗಾರ ಗುಂಪಿನ ಒಂದು ದೃಶ್ಯ ಬಿಡಿಸಲು ಒಂದು ವರ್ಷ ಮೂರು ತಿಂಗಳು ತೆಗೆದುಕೊಂಡರು. ತೆರೆಯ ಮೇಲೆ ಅದು ನಾಲ್ಕು ಸೆಕೆಂಡ್. ದಡ್ಡತನ ಅಲ್ವಾ?

ಹಾಗಂತ ನಿಧಾನವಾಗಿ ಮಾಡಿದ್ದೇ ಕಲೆ ಅಂತಲೂ ಅಲ್ಲ. ನಮ್ಮ ಚಿತ್ರಕಲಾವಿದ ಬಿ.ಕೆ.ಎಸ್. ವರ್ಮಾ ವೇದಿಕೆಯಲ್ಲಿ ಹಾಡು ಮುಗಿಯುವಷ್ಟರಲ್ಲಿ ಚಿತ್ರ ಮುಗಿಸುತ್ತಿದ್ದರು. ಜನ ಎವೆಯಿಕ್ಕದೆ ನೋಡುತ್ತಿದ್ದುದು ಆ ಕೈಯನ್ನು.

ಟೈಮ್ ಉಳಿಯುತ್ತೆ ಎನ್ನುವವರಿಗೆ ಏನು ಹೇಳುವುದು? ಧರ್ಮಸ್ಥಳಕ್ಕೆ ಪಾದಯಾತ್ರೆ ಹೊರಟವರನ್ನು ನಿಲ್ಲಿಸಿ, ಸುಮ್ನೆ ಯಾಕೆ ಕಾಲು ನೋಯಿಸ್ತೀರಿ, ರಾತ್ರಿ ಬಸ್ಸಿದೆ ಎಂದಂತಾಯಿತು.

ತಮಾಷೆ ಸಾಕು. ಈ ಯಂತ್ರಕ್ಕೆ ಯಾರದೋ ಚಿತ್ರ, ಯಾರದೋ ಬರಹ ಎತ್ತಿ ಉಣಿಸಿದ್ದಾರೆ. ಅದನ್ನೆಲ್ಲ ಮಾಡಿದವರಲ್ಲಿ ಬಹುಪಾಲು ಜನರನ್ನು ಕೇಳಿಯೂ ಇಲ್ಲ, ಅವರಿಗೆ ಕಾಸೂ ಕೊಟ್ಟಿಲ್ಲ. ಈಗ ಅವರ ಕೆಲಸವನ್ನೇ ಕಿತ್ತುಕೊಂಡು, ಅವರಿಗೇ 'ಕಾಲಕ್ಕೆ ತಕ್ಕಂತೆ ಬದಲಾಗಿ' ಎಂದು ಉಪದೇಶ. ಇದಕ್ಕೆ ಪ್ರಗತಿ ಎಂದು ಚಪ್ಪಾಳೆ ತಟ್ಟಬೇಕಂತೆ. ನನಗಂತೂ ಕೈ ಬರುವುದಿಲ್ಲ.

ಇನ್ನು ಕವಿಗೋಷ್ಠಿಗಳ ಸರದಿ. ಕವಿಯೊಬ್ಬರು ಮೊಬೈಲ್ ನೋಡಿಕೊಂಡು ತಾಯ್ನಾಡಿನ ಮೇಲೆ ಕವಿತೆ ಓದುತ್ತಾರೆ. ಓದಿದ ಭರದಲ್ಲಿ ಕೊನೆಗೆ ಯಂತ್ರ ಕೇಳಿದ 'ಇದನ್ನು ಇನ್ನೂ ಭಾವುಕವಾಗಿ ಬರೆದುಕೊಡಲೇ?' ಎಂಬುದನ್ನೂ ರಾಗವಾಗಿ ಓದಿಬಿಡುತ್ತಾರೆ. ಸಭೆಯಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಅಧ್ಯಕ್ಷೀಯ ಭಾಷಣದಲ್ಲಿ ಆ ಕೊನೆಯ ಸಾಲಿಗೇ ವಿಶೇಷ ಮೆಚ್ಚುಗೆ.