'ಲ್ಯಾಬ್ ಟೆಸ್ಟೆಡ್' ಅಂದರೆ ಯಾವ ಟೆಸ್ಟು?

ಮೈಸೂರಿನ ಅರಸು ರಸ್ತೆಯ ಮೆಡಿಕಲ್ ಶಾಪಿರಲಿ, ಆನ್‌ಲೈನ್ ಇರಲಿ, ಮುಪ್ಪು ಮುಂದೂಡುತ್ತೆ ಅನ್ನುವ ಕೊಲಾಜನ್ (ಚರ್ಮವನ್ನು ಬಿಗಿಯಾಗಿಡುವ ಪ್ರೋಟೀನ್) ಪುಡಿಯ ಡಬ್ಬಿ ಮೇಲೆ 'ಲ್ಯಾಬ್ ಟೆಸ್ಟೆಡ್' ಅಂತ ಬರೆದಿರುತ್ತೆ. ಆ ಟೆಸ್ಟು ಹೇಳುವುದು ಡಬ್ಬಿಯೊಳಗೆ ಏನಿದೆ ಅಂತ ಮಾತ್ರ. ತಿಂದವರ ಚರ್ಮಕ್ಕೆ ಏನಾಯಿತು ಅನ್ನುವುದು ಬೇರೆಯೇ ಪರೀಕ್ಷೆ. ಎರಡನ್ನೂ ಒಂದು ಮಾಡಿ ಮಾರುವುದು ಸರಿಯಲ್ಲ.

ಡಬ್ಬಿಯೊಳಗಿನ ಪರೀಕ್ಷೆಯಲ್ಲೂ ತೂತಿದೆ. ಕೆಲ್ಡಾಲ್ ವಿಧಾನದಲ್ಲಿ ಪ್ರೋಟೀನ್ ನೋಡುವಾಗ ನಿಜಕ್ಕೂ ಅಳೆಯುವುದು ಸಾರಜನಕವನ್ನು. ಸಾರಜನಕವಿರುವ ಅಗ್ಗದ ಅಮೈನೋ ಆಮ್ಲ ಗ್ಲೈಸಿನ್ ಬೆರೆಸಿದರೂ ಅಂಕಿ ಚೆನ್ನಾಗೇ ಬರುತ್ತೆ. ಹೈಡ್ರಾಕ್ಸಿಪ್ರೋಲಿನ್ ಅನ್ನುವ ಇನ್ನೊಂದು ಅಮೈನೋ ಆಮ್ಲವನ್ನು ಅಳೆದರೆ ಮೋಸ ಸಿಕ್ಕಿಬೀಳುತ್ತೆ, ಯಾಕೆಂದರೆ ಅದು ಕೊಲಾಜನ್‌ನಲ್ಲಿ ಹೇರಳ, ಹಾಲು ಬೇಳೆಯ ಪ್ರೋಟೀನಿನಲ್ಲಿ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಹಾಗಾಗಿ ಕಂಪನಿಯಿಂದ ವರದಿ ತರಿಸಿಕೊಂಡರೆ ಈ ಅಂಕಿ ಇದೆಯಾ, ಸೀಸ, ಪಾದರಸ, ಆರ್ಸೆನಿಕ್, ಕ್ಯಾಡ್ಮಿಯಂ ನೋಡಿದ್ದಾರಾ, ಬ್ಯಾಚ್ ನಂಬರ್ ನಿಮ್ಮ ಡಬ್ಬಿಯದ್ದೇನಾ ಅಂತ ಹುಡುಕಿ.

ಅನುಮಾನ ಬಂದರೆ ನೀವೇ ಪರೀಕ್ಷೆ ಮಾಡಿಸಬಹುದು. ಆಹಾರ ಸುರಕ್ಷತಾ ಕಾಯ್ದೆ 2006ರ 40ನೇ ಕಲಮಿನಂತೆ ಕೊಂಡವರು ಶುಲ್ಕ ಕಟ್ಟಿ ಆಹಾರ ವಿಶ್ಲೇಷಕರಿಂದ ವರದಿ ಪಡೆಯಬಹುದು. ಆದರೆ ಪರೀಕ್ಷೆಗೆ ಕೊಡುತ್ತೇನೆ ಅಂತ ಕೊಳ್ಳುವಾಗಲೇ ಅಂಗಡಿಯವರಿಗೆ ತಿಳಿಸಬೇಕು. ಇದನ್ನು ಬಿಟ್ಟರೆ ಕೆಲಸ ಕೆಡುತ್ತೆ.

ಇನ್ನು ಚರ್ಮದ ಪರೀಕ್ಷೆ. ದಿನಕ್ಕೆ 2.5ರಿಂದ 10 ಗ್ರಾಂ, 8ರಿಂದ 12 ವಾರ, ಬಹುತೇಕ ಅಧ್ಯಯನಗಳ ಲೆಕ್ಕ ಇದು. ತೇವವನ್ನು ಕಾರ್ನಿಯೋಮೀಟರ್‌ನಲ್ಲಿ ಅಳೆಯುತ್ತಾರೆ. ಕ್ರೀಮ್ ಹಚ್ಚದೆ ಬಂದು, ಸುಮಾರು 20-22 ಡಿಗ್ರಿಯ ಕೋಣೆಯಲ್ಲಿ ಅರ್ಧ ಗಂಟೆ ಕೂತಮೇಲೇ ಅಳತೆ. ಬಿಸಿಲಲ್ಲಿ ನಡೆದು ಬಂದ ತಕ್ಷಣ ಅಳೆದರೆ ಬೆವರೇ ಅಂಕಿ ಏರಿಸುತ್ತೆ. ಅರ್ಧ ಜನಕ್ಕೆ ಕೊಲಾಜನ್ ಇಲ್ಲದ, ನೋಡಲು ಹಾಗೇ ಇರುವ ಪುಡಿ ಕೊಡಲೇಬೇಕು. ಮೈಸೂರಿನಲ್ಲಿ ಸಂಕ್ರಾಂತಿಗೆ ಕೈಕಾಲು ಬಿರಿದಿರುತ್ತೆ. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಹೋದಮೇಲೆ ಯುಗಾದಿ ಹೊತ್ತಿಗೆ ಚರ್ಮ ತಾನಾಗೇ ಮೆತ್ತಗಾಗುತ್ತೆ. ಹೋಲಿಸುವ ಗುಂಪು ಇಲ್ಲದಿದ್ದರೆ ಆ ಪುಣ್ಯವೆಲ್ಲ ಪುಡಿಗೆ! ಖರ್ಚು ಕೊಟ್ಟವರು ಯಾರು ಅನ್ನುವುದನ್ನೂ ನೋಡಿ. ಕೊಲಾಜನ್ ಅಧ್ಯಯನಗಳಲ್ಲಿ ಅನೇಕಕ್ಕೆ ದುಡ್ಡು ಹಾಕಿದವರು ತಯಾರಕರೇ.

ಕೂದಲು, ಚರ್ಮದ ಮಾತ್ರೆಗಳಲ್ಲಿರುವ ಬಯೋಟಿನ್ (ಒಂದು ಬಿ ವಿಟಮಿನ್) ಬಗ್ಗೆ ಮಾತ್ರ ದಯವಿಟ್ಟು ಹುಷಾರು. ದಿನಕ್ಕೆ ಬೇಕಾಗುವುದು 30-40 ಮೈಕ್ರೋಗ್ರಾಂ, ಎಷ್ಟೋ ಕಡೆ ಒಂದು ಮಾತ್ರೆಯಲ್ಲೇ 5,000ದಿಂದ 10,000 ಇರುತ್ತೆ. ಇಷ್ಟು ರಕ್ತದಲ್ಲಿದ್ದರೆ ಕೆಲವು ಯಂತ್ರಗಳಲ್ಲಿ ಥೈರಾಯ್ಡ್ ಪರೀಕ್ಷೆಯ ಟಿಎಸ್‌ಎಚ್ ಸುಳ್ಳಾಗಿ ಕಡಿಮೆ ಬಂದು, ಇಲ್ಲದ ಥೈರಾಯ್ಡ್ ಕಾಯಿಲೆ ಇದೆ ಅಂತ ಕಾಣುತ್ತೆ. ಡಾಕ್ಟರನ್ನು ಕೇಳಿ, ರಕ್ತ ಕೊಡುವ ಎರಡು ದಿನ ಮುಂಚೆಯೇ ನಿಲ್ಲಿಸಿ. ಹೃದಯಕ್ಕೆ ಪೆಟ್ಟಾದಾಗ ರಕ್ತದಲ್ಲಿ ಏರುವ ಟ್ರೋಪೋನಿನ್ ಕೂಡ ಹೀಗೇ ಕಡಿಮೆ ತೋರಿಸಿ ಹೃದಯಾಘಾತ ಮರೆಯಾಗಬಹುದು. ಎದೆನೋವು ಅಂತ ಆಸ್ಪತ್ರೆಗೆ ಹೋದಾಗ ಎರಡು ದಿನ ಕಾಯಲಾಗದು, ಅಲ್ಲಿ ಮೊದಲ ಮಾತಿಗೇ ಹೇಳಿ: ಬಯೋಟಿನ್ ತಗೊಳ್ತಿದ್ದೀನಿ.