ಗೈರುಹಾಜರಿ ಪುಸ್ತಕದಲ್ಲಿ ಬಯಲಾಟ

ತ್ರಿಶೂರಿನಲ್ಲಿ ಜನವರಿ ತಿಂಗಳು ಯಾವುದೇ ಚಹಾದಂಗಡಿಗೆ ಹೋಗಿ ಕೂತರೂ ಕೋಲು ಹಿಡಿದು ಕುಣಿಯುವ ಕೋಲ್ಕಳಿಯಲ್ಲಿ ಯಾವ ಶಾಲೆಗೆ ಎ ಗ್ರೇಡ್ ಬಂತು, ಮುಸ್ಲಿಂ ಮದುವೆಮನೆಯ ಕುಣಿತವಾದ ಒಪ್ಪನದಲ್ಲಿ ಯಾರು ಅಪೀಲು ಹಾಕಿದರು ಎಂಬ ಮಾತೇ. ಕೇರಳದ ಶಾಲಾ ಮಕ್ಕಳ ರಾಜ್ಯಮಟ್ಟದ ಕಲಾಸ್ಪರ್ಧೆಯಾದ ಶಾಲಾ ಕಲೋತ್ಸವದ ಅಂಕಪಟ್ಟಿ ಟೀವಿ ಪರದೆಯ ಕೆಳಗೆ ಚುನಾವಣೆ ಫಲಿತಾಂಶದ ಹಾಗೆ ಓಡುತ್ತಿರುತ್ತದೆ. 2025ರ ಜನವರಿಯಲ್ಲಿ ತಿರುವನಂತಪುರದಲ್ಲಿ ನಡೆದ ಕಲೋತ್ಸವದಲ್ಲಿ ತ್ರಿಶೂರ್ ಜಿಲ್ಲೆಗೆ 1008 ಅಂಕ, ಪಾಲಕ್ಕಾಡಿಗೆ 1007. ಒಂದೇ ಒಂದು ಅಂಕದಲ್ಲಿ 117.5 ಪವನಿನ (ಒಂದು ಪವನು ಅಂದರೆ ಎಂಟು ಗ್ರಾಂ) ಚಿನ್ನದ ಕಪ್ಪು 1999ರ ನಂತರ ಮೊದಲ ಸಲ ಈ ಊರಿಗೆ ಬಂತು. ಊರೇ ಹಬ್ಬ ಮಾಡಿತು.

ನಾನು ಕೊಪ್ಪಳದ ಕಡೆಯವ. ಹೊಟ್ಟೆಪಾಡಿಗೆ ಇಲ್ಲಿ ಬಂದು ಸಂಸಾರ ಹೂಡಿದವ. ಕಪ್ಪಿನ ಮೆರವಣಿಗೆಯ ಸುದ್ದಿ ನೋಡುತ್ತಾ ಒಂದು ಪ್ರಶ್ನೆ ತಲೆಗೆ ಹೊಕ್ಕಿತು. ನಮ್ಮ ಕೊಪ್ಪಳ ಜಿಲ್ಲೆಯ ಶಾಲೆಗಳು ಕಲೆಯ ವಿಷಯದಲ್ಲಿ ಬಳ್ಳಾರಿಗಿಂತ ಮುಂದೋ ಹಿಂದೋ? ರಾಯಚೂರಿನ ಕಥೆ ಏನು? ಎಸ್ಸೆಸ್ಸೆಲ್ಸಿಯಲ್ಲಿ ಯಾವ ಜಿಲ್ಲೆ ಎಷ್ಟನೆಯದು ಅಂತ ನಮ್ಮಲ್ಲಿ ಪಾನ್ ಅಂಗಡಿಯವನೂ ಹೇಳುತ್ತಾನೆ, ನಮ್ಮ ಸ್ಥಾನ ಹೇಳಿಕೊಳ್ಳುವಂಥದ್ದಲ್ಲವಾದರೂ. ಕಲೆಯದು ಕೇಳಿ ನೋಡಿ, ಉತ್ತರ ಯಾರ ಹತ್ತಿರವೂ ಇಲ್ಲ. ಆ ಲೆಕ್ಕ ಇಟ್ಟವರೇ ಇಲ್ಲ.

ಕೇರಳದವರ ಲೆಕ್ಕ ಹಳೆಯದು. ಕಲೋತ್ಸವ ಶುರುವಾದದ್ದು 1957ರಲ್ಲಿ, ಎರ್ನಾಕುಲಂನಲ್ಲಿ. ಈಗ ಇನ್ನೂರಕ್ಕೂ ಹೆಚ್ಚು ಸ್ಪರ್ಧೆಗಳಿವೆ. ಎ ಗ್ರೇಡಿಗೆ ಐದು ಅಂಕ, ಬಿಗೆ ಮೂರು, ಸಿಗೆ ಒಂದು. ಮಗುವಿಗೆ ಪರೀಕ್ಷೆಯಲ್ಲಿ ಗ್ರೇಸ್ ಮಾರ್ಕ್ ಕೂಡ ಉಂಟು. ಇದರಿಂದ ಆದ ಒಳ್ಳೆಯದನ್ನು ಮೊದಲು ಹೇಳಿಬಿಡುತ್ತೇನೆ, ಯಾಕೆಂದರೆ ಬೈಯುವುದು ಸುಲಭ. ಸ್ಪರ್ಧೆಗಳ ಪಟ್ಟಿಗೆ ಸೇರಿದ ಕಲೆಗೆ ಗುರು ಸಿಗುತ್ತಾನೆ, ಆ ಗುರುವಿಗೆ ಸಂಬಳ ಸಿಗುತ್ತದೆ. ಯಕ್ಷಗಾನ ಇಲ್ಲಿಯ ಪಟ್ಟಿಯಲ್ಲಿದೆ. ಅದು ಕಾಸರಗೋಡಿನ ಕನ್ನಡಿಗರ ಆಟ. ಆದರೆ ಪಟ್ಟಿಯಲ್ಲಿದೆ ಎಂಬ ಒಂದೇ ಕಾರಣಕ್ಕೆ ಕನ್ನಡದ ಗಂಧವಿಲ್ಲದ ಜಿಲ್ಲೆಗಳ ಮಕ್ಕಳೂ ಗೆಜ್ಜೆ ಕಟ್ಟಿ ಕುಣಿಯುತ್ತಾರೆ. ಕನ್ನಡ ಪದ್ಯ ಹೇಳುವ ಸ್ಪರ್ಧೆಯೂ ಇದೆ. 2025ರಲ್ಲಿ ಬುಡಕಟ್ಟುಗಳ ಐದು ಕುಣಿತಗಳನ್ನು ಹೊಸದಾಗಿ ಸೇರಿಸಿದರು: ಮಂಗಲಂಕಳಿ, ಪಣಿಯ ನೃತ್ಯ, ಇರುಳ ನೃತ್ಯ, ಪಳಿಯ ನೃತ್ಯ, ಮಲಪುಲಯ ಆಟ. ಅಲ್ಲಿಯವರೆಗೆ ಹಾಡಿಗಳಲ್ಲೇ ಉಳಿದಿದ್ದ ಕುಣಿತವನ್ನು ಕಲಿಸಲು ಅದೇ ಹಾಡಿಯ ಹಿರಿಯರನ್ನು ಹುಡುಕಿಕೊಂಡು ಶಾಲೆಗಳು ಹೋಗಬೇಕಾಯಿತು. ಯಾವ ಭಾಷಣವೂ ಮಾಡಿಸಲಾಗದ ಕೆಲಸವನ್ನು ಪಟ್ಟಿಯ ಐದು ಸಾಲು ಮಾಡಿಸಿತು.

ಕೆಟ್ಟದ್ದೂ ಅಷ್ಟೇ ಇದೆ. ಕಲಾತಿಲಕ, ಕಲಾಪ್ರತಿಭಾ ಎಂಬ ಬಿರುದುಗಳಿಗಾಗಿ ಅಪ್ಪ-ಅಮ್ಮಂದಿರು ಎಷ್ಟು ಹೊಡೆದಾಡಿದರೆಂದರೆ ಕೊನೆಗೆ ಆ ಬಿರುದುಗಳನ್ನೇ ಕೈಬಿಡಬೇಕಾಯಿತು. ಅಪೀಲುಗಳು ಇವತ್ತಿಗೂ ಹೈಕೋರ್ಟಿನ ತನಕ ಹೋಗುತ್ತವೆ. ಮೋಹಿನಿಯಾಟ್ಟದ ಉಡುಪು, ಒಡವೆ, ಮೇಕಪ್ಪು, ಹಿಮ್ಮೇಳದವರ ಸಂಭಾವನೆ ಎಲ್ಲ ಸೇರಿದರೆ ಕೂಲಿ ಮಾಡುವವನ ಮಗಳು ವೇದಿಕೆಯ ಹತ್ತಿರವೂ ಸುಳಿಯುವಂತಿಲ್ಲ. ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. 1008 ಎಂಬ ಅಂಕ ತ್ರಿಶೂರಿನ ಗೆದ್ದ ಮಕ್ಕಳನ್ನು ಮಾತ್ರ ಎಣಿಸುತ್ತದೆ. ಒಂದು ಶಾಲೆಯಲ್ಲಿ ಆರು ನೂರು ಮಕ್ಕಳಿದ್ದು, ಅದರಲ್ಲಿ ಹದಿನೈದು ಮಂದಿ ಕುಣಿದು ಅಂಕ ತಂದರೆ, ಉಳಿದವರು ಆ ವರ್ಷ ಒಂದು ಹಾಡನ್ನೂ ಹಾಡಲಿಲ್ಲ ಎಂಬುದು ಎಲ್ಲಿಯೂ ದಾಖಲಾಗುವುದಿಲ್ಲ.

ಇನ್ನು ನಮ್ಮ ಪ್ರತಿಭಾ ಕಾರಂಜಿ. ಕರ್ನಾಟಕದ ಶಾಲಾ ಮಕ್ಕಳ ಸ್ಪರ್ಧೆ, ಎರಡು ದಶಕ ದಾಟಿದ ಕಾರ್ಯಕ್ರಮ. ಕ್ಲಸ್ಟರ್, ತಾಲೂಕು, ಜಿಲ್ಲೆ, ರಾಜ್ಯ ಅಂತ ಮೆಟ್ಟಿಲು. ಸಿಆರ್‌ಪಿ (ಕ್ಲಸ್ಟರಿನ ಶಾಲೆಗಳನ್ನು ನೋಡಿಕೊಳ್ಳುವ) ಮೇಡಂ ಬೆಳಿಗ್ಗೆಯಿಂದ ಮೈಕಿನಲ್ಲಿ ಕೂಗಿ ಗಂಟಲು ಕಟ್ಟಿಸಿಕೊಳ್ಳುವುದು, ಛದ್ಮವೇಷಕ್ಕೆ ಬಂದ ಸಂಗೊಳ್ಳಿ ರಾಯಣ್ಣ ಮಧ್ಯಾಹ್ನದ ಉಪ್ಪಿಟ್ಟಿನ ಸಾಲಿನಲ್ಲಿ ಮೀಸೆ ಜಾರಿಸಿಕೊಂಡು ನಿಲ್ಲುವುದು, ಇದನ್ನೆಲ್ಲ ಕಂಡವರಿಗೆ ಅದರ ಮೇಲೆ ಪ್ರೀತಿ ಹುಟ್ಟದೆ ಇರದು. ನನಗೂ ಇದೆ. ಆದರೆ ಅದರ ಪಟ್ಟಿ ಬೀದರಿನಿಂದ ಚಾಮರಾಜನಗರದವರೆಗೆ ಒಂದೇ. ಕಂಠಪಾಠ, ಲಘು ಸಂಗೀತ, ಕ್ಲೇ ಮಾಡೆಲಿಂಗ್, ಮಿಮಿಕ್ರಿ, ರಂಗೋಲಿ, ಆಶುಭಾಷಣ. ಆಯಾ ಊರಿನ ಕಲೆಗೆಲ್ಲ ಸೇರಿ ಒಂದೇ ಗಂಟು, ಅದರ ಹೆಸರು ಜನಪದ ನೃತ್ಯ. ಆ ಗಂಟಿನೊಳಗೆ ನಮ್ಮ ಕಡೆಯ ಬಯಲಾಟವಾದ ದೊಡ್ಡಾಟ ಹಿಡಿಸುವುದಿಲ್ಲ. ರಾತ್ರಿ ಹತ್ತಕ್ಕೆ ಶುರುವಾಗಿ ಬೆಳಕು ಹರಿಯುವ ತನಕ ನಡೆಯುವ ಆಟವನ್ನು ಐದಾರು ನಿಮಿಷಕ್ಕೆ ಕತ್ತರಿಸಿದರೆ ಉಳಿಯುವುದು ಕಿರೀಟ ಮಾತ್ರ. ತೊಗಲುಗೊಂಬೆಯೂ ಹಿಡಿಸುವುದಿಲ್ಲ, ಯಾಕೆಂದರೆ ಅದಕ್ಕೆ ಪರದೆ ಬೇಕು, ಹಿಂದೆ ದೀಪ ಬೇಕು, ಕತ್ತಲು ಬೇಕು. ಕಾರಂಜಿ ನಡೆಯುವುದು ಹಾಡುಹಗಲು, ಶಾಮಿಯಾನದ ಕೆಳಗೆ. ಹೀಗಾಗಿ ಮಕ್ಕಳು ಮೊಬೈಲಿನಲ್ಲಿ ಸಿಕ್ಕ ಸಿನಿಮಾ ಜಾನಪದ ಗೀತೆಗೆ ಸ್ಟೆಪ್ಪು ಹಾಕಿ ಬರುತ್ತಾರೆ. ತೀರ್ಪುಗಾರರೂ ಅದಕ್ಕೇ ಅಂಕ ಕೊಡುತ್ತಾರೆ.

ಹಾಗಂತ ನಮ್ಮ ಶಾಲೆಗಳು ಸ್ಥಳೀಯ ಕಲೆಯನ್ನು ಅಳೆಯುವುದೇ ಇಲ್ಲ ಅಂದರೆ ತಪ್ಪಾಗುತ್ತದೆ. ಅಳೆಯುತ್ತವೆ. ಹಾಜರಿ ಪುಸ್ತಕದಲ್ಲಿ, ಗೈರುಹಾಜರಿಯಾಗಿ.

ಯಲಬುರ್ಗಾ ಸೀಮೆಯಲ್ಲಿ ಒಂದು ಊರಲ್ಲಿ ಬಯಲಾಟ ಇದ್ದರೆ ಮರುದಿನ ಅರ್ಧ ಶಾಲೆ ಖಾಲಿ. ಲಿಂಗಸುಗೂರು ತಾಲೂಕಿನ ಮುದಗಲ್ಲಿನ ಮೊಹರಂ ಅಂದರೆ ರಾಯಚೂರು ಜಿಲ್ಲೆಯೇ ತಿರುಗಿ ನೋಡುವ ಹಬ್ಬ. ಸುತ್ತಲಿನ ಹಳ್ಳಿಗಳಲ್ಲಿ ಹುಡುಗರು ದಿನಗಟ್ಟಲೆ ಅಲಾಯಿ ಕುಣಿ (ಮೊಹರಂನಲ್ಲಿ ಬೆಂಕಿ ಹಾಕುವ ಗುಂಡಿ) ಸುತ್ತ ಹೆಜ್ಜೆ ಹಾಕುತ್ತಾರೆ, ದೊಡ್ಡವರು ಹಾಡುವ ರಿವಾಯತ್ ಪದಗಳಿಗೆ ಸೊಲ್ಲು ಹಿಡಿಯುತ್ತಾರೆ. ಕನ್ನಡದಲ್ಲಿ ಕರ್ಬಲದ ಕಥೆ, ಹಿಂದೂ ಮುಸ್ಲಿಂ ಅನ್ನದೆ ಹಾಡುವ ಮೇಳ. ತಾಳ, ಹೆಜ್ಜೆ, ನೆನಪಿನ ಶಕ್ತಿ, ಹತ್ತು ಜನರ ಜೊತೆ ಹೊಂದಿಕೊಂಡು ಕುಣಿಯುವ ಶಿಸ್ತು, ಎಲ್ಲ ಅಲ್ಲಿದೆ. ಶಾಲೆಯಲ್ಲಿ ಆ ಹುಡುಗನ ಹೆಸರಿನ ಮುಂದೆ ಬೀಳುವುದು ಒಂದು ‘ಗೈ’. ಅದೇ ಹುಡುಗ ಆಮೇಲೆ ಚಿಕ್ಕ ತರಗತಿಗಳ ನಲಿಕಲಿ ಕೋಣೆಯ ಗೋಡೆಯ ಮೇಲೆ ಬರೆದ ‘ನಮ್ಮ ಹಬ್ಬಗಳು’ ಚಿತ್ರದಲ್ಲಿ ಮೊಹರಂ ಎಂದು ಓದುತ್ತಾನೆ. ಸಮಗ್ರ ಮೌಲ್ಯಮಾಪನದಲ್ಲಿ ಕಲಾ ಶಿಕ್ಷಣಕ್ಕೂ ಗ್ರೇಡ್ ಉಂಟು. ಆ ಕುಣಿತಕ್ಕೆ ಅಲ್ಲಿ ಜಾಗವಿಲ್ಲ. ಹಾಜರಿ ಕಡಿಮೆ ಅಂತ ಅವನ ಅಪ್ಪನನ್ನು ಕರೆಸಿ ಬುದ್ಧಿ ಹೇಳುವುದು ಮಾತ್ರ ಉಂಟು.

ಸುತ್ತ ಕಲಾವಿದರಿಲ್ಲವೇ ಅಂದರೆ, ಕೊಪ್ಪಳ, ಬಳ್ಳಾರಿ, ರಾಯಚೂರು ಎಂಬ ನಮ್ಮ ಮೂರು ಜಿಲ್ಲೆಗಳಷ್ಟು ಸಿರಿವಂತ ಸೀಮೆ ಕಡಿಮೆ. ಕೊಪ್ಪಳ ತಾಲೂಕಿನ ಮೋರನಾಳದ ಭೀಮವ್ವ ದೊಡ್ಡಬಾಳಪ್ಪ ಶಿಳ್ಳೇಕ್ಯಾತರ ಅವರಿಗೆ 2025ರಲ್ಲಿ ಪದ್ಮಶ್ರೀ ಬಂತು, ತೊಂಬತ್ತು ದಾಟಿದ ವಯಸ್ಸಿನಲ್ಲಿ. ತೊಗಲುಗೊಂಬೆ ಆಡಿಸುತ್ತಾ ವಿದೇಶಗಳಿಗೂ ಹೋಗಿ ಬಂದ ಅಜ್ಜಿ. ದಿಲ್ಲಿ ಅವರನ್ನು ಗುರುತಿಸಿತು. ಹತ್ತು ಹದಿನೈದು ಕಿಲೋಮೀಟರಿನೊಳಗಿನ ಎಷ್ಟು ಶಾಲೆಗಳ ಮಕ್ಕಳು ಅವರ ಗೊಂಬೆಯನ್ನು ಕೈಯಲ್ಲಿ ಹಿಡಿದು ನೋಡಿದ್ದಾರೆ? ಬಳ್ಳಾರಿಯ ಬೆಳಗಲ್ಲು ವೀರಣ್ಣ 2023ರಲ್ಲಿ ತೀರಿಕೊಂಡರು. ರಾಮಾಯಣದ ಜೊತೆ ಗಾಂಧೀಜಿಯ ಕಥೆಯನ್ನೂ ತೊಗಲಿನ ಮೇಲೆ ತಂದವರು. ಇತಿಹಾಸದ ಪಾಠಕ್ಕೆ ಅದಕ್ಕಿಂತ ಒಳ್ಳೆಯ ಪಾಠೋಪಕರಣ ಯಾವುದಿದ್ದೀತು? 2014ರಲ್ಲಿ ತೀರಿಹೋದ ದರೋಜಿ ಈರಮ್ಮ ಓದು ಬರಹ ಬಾರದವರು, ಸಾವಿರಾರು ಪುಟಗಳಾಗುವಷ್ಟು ಬುರ್‍ರಕಥೆ ಬಾಯಲ್ಲಿ ಇಟ್ಟುಕೊಂಡಿದ್ದರು. ಅವರು ಹಾಡುತ್ತಿದ್ದ ಕುಮಾರರಾಮನ ಕಥೆಯ ಕುಮ್ಮಟದುರ್ಗ ಗಂಗಾವತಿ ಸೀಮೆಯಲ್ಲಿಯೇ ಇದೆ. ಅಲ್ಲಿಯ ಶಾಲೆಯ ಮಗುವಿಗೆ ದಿಲ್ಲಿಯ ಸುಲ್ತಾನರ ಇಸವಿಗಳು ಬಾಯಿಪಾಠ. ಸುಲ್ತಾನರ ಸೈನ್ಯ ಬಂದು ಮುತ್ತಿದ್ದು ತನ್ನ ಊರಿನ ಗುಡ್ಡವನ್ನೇ ಅಂತ ಹೇಳುವವರು ಯಾರು? ಕಿನ್ನಾಳದಲ್ಲಿ ಚಿತ್ರಗಾರರು ಇನ್ನೂ ಹುಣಸೆಬೀಜದ ಅಂಟು ಸೇರಿಸಿ ಕಿಟ್ಟ ಎಂಬ ಹಿಟ್ಟಿನಂಥ ಮಿಶ್ರಣ ಕಲಸಿ ಗೊಂಬೆ ಮೆತ್ತುತ್ತಾರೆ. ಆ ಊರಿನ ಸುತ್ತಲ ಮಕ್ಕಳು ಕಾರಂಜಿಯ ಕ್ಲೇ ಮಾಡೆಲಿಂಗಿಗೆ ಪೇಟೆಯಿಂದ ಬಣ್ಣದ ಕ್ಲೇ ಪಾಕೀಟು ತಂದರೆ ಅದನ್ನು ಯಾವ ಪ್ರತಿಭೆ ಅನ್ನೋಣ?

ಅಳೆಯುವುದಕ್ಕೆ ಇನ್ನೊಂದು ದಾರಿ ಇಂಗ್ಲೆಂಡಿನದು. ಅಲ್ಲಿಯ ಆರ್ಟ್ಸ್ ಕೌನ್ಸಿಲ್ 2001ರಲ್ಲಿ ಆರ್ಟ್ಸ್‌ಮಾರ್ಕ್ ಎಂಬ ಮನ್ನಣೆ ಶುರು ಮಾಡಿತು. ಮಗುವಿಗೆ ಅಂಕವಿಲ್ಲ, ಮನ್ನಣೆ ಶಾಲೆಗೆ: ಬೆಳ್ಳಿ, ಚಿನ್ನ, ಪ್ಲಾಟಿನಂ. ಶಾಲೆ ಮೊದಲು ತನ್ನನ್ನು ತಾನೇ ಪರೀಕ್ಷಿಸಿಕೊಂಡು, ಏನು ಮಾಡುತ್ತೇವೆ ಅಂತ ಬರೆದುಕೊಡಬೇಕು. ಆಮೇಲೆ ಏನಾಯಿತು, ಮಕ್ಕಳಲ್ಲಿ ಏನು ಬದಲಾಯಿತು ಅಂತ ಬರೆದುಕೊಡಬೇಕು. ಎಲ್ಲ ಮಕ್ಕಳಿಗೂ ತಲುಪಿತೇ, ಹೊರಗಿನ ಕಲಾ ಸಂಸ್ಥೆಗಳ ಜೊತೆ ನಂಟು ಬೆಳೆಯಿತೇ ಎಂಬುದು ಅಲ್ಲಿ ಮುಖ್ಯ. ಕಲೋತ್ಸವಕ್ಕಿಂತ ಇದು ನನಗೆ ಹಿಡಿಸಿತು. ಆದರೆ ಬರೆದುಕೊಡುವುದರಲ್ಲೇ ಮುಗಿಯುವ ಅಪಾಯ ಇದಕ್ಕೂ ಇದೆ. ನಮ್ಮಲ್ಲಿ ಹೇಳುವುದೇ ಬೇಡ, ಒಂದು ಡೊಳ್ಳು ಬಾಡಿಗೆ ತಂದು, ನಾಲ್ಕು ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಿದರೆ ಪ್ಲಾಟಿನಂ ಬಂದಂತೆಯೇ.

ಯಲಬುರ್ಗಾ ತಾಲೂಕಿನ ಸರ್ಕಾರಿ ಶಾಲೆಯೊಂದರಲ್ಲಿ ನನ್ನ ಚಿಕ್ಕಪ್ಪನ ಮಗ ಮಾಸ್ತರ. ಇದನ್ನೆಲ್ಲ ಫೋನಿನಲ್ಲಿ ಹೇಳಿದೆ. ಅವನು ಪೂರ್ತಿ ಕೇಳಿಸಿಕೊಳ್ಳಲೂ ಇಲ್ಲ. “ಅಣ್ಣಾ, ನೀ ಅಲ್ಲಿ ಕುಂತು ನಮಗ ಇನ್ನೊಂದು ರಿಜಿಸ್ಟರ್ ಹಚ್ಚಬ್ಯಾಡ. ತತ್ತಿ ಲೆಕ್ಕ ಐತಿ, ಬಾಳೆಹಣ್ಣಿನ ಲೆಕ್ಕ ಐತಿ, ಹಾಲಿನ ಪುಡಿ ಲೆಕ್ಕ ಐತಿ. ಸ್ಯಾಟ್ಸ್ ತುಂಬಬೇಕು, ಯುಡೈಸ್ ತುಂಬಬೇಕು, ಬಿಎಲ್‌ಓ ಕೆಲ್ಸ ಬ್ಯಾರೆ. ಪಾಠ ಯಾವಾಗ ಮಾಡೂನು?” ಸ್ಯಾಟ್ಸ್, ಯುಡೈಸ್ ಅಂದರೆ ಮಕ್ಕಳ, ಶಾಲೆಗಳ ಮಾಹಿತಿ ತುಂಬುವ ಸರ್ಕಾರಿ ದಾಖಲೆಗಳು, ಬಿಎಲ್ಓ ಕೆಲಸ ಅಂದರೆ ಮತದಾರರ ಪಟ್ಟಿಯದು. ಅವನ ಮಾತಿಗೆ ಎದುರಾಡಲು ನನಗೆ ಬಾಯಿ ಬರಲಿಲ್ಲ. ಯುಡೈಸ್ ನಮೂನೆ ಶೌಚಾಲಯ, ಕಂಪೌಂಡು, ಕಂಪ್ಯೂಟರುಗಳನ್ನು ಎಣಿಸುತ್ತದೆ, ಅದು ಬೇಕು. ಅದಕ್ಕೆ ಕಲೆಯ ಇನ್ನೊಂದು ಪುಟ ಅಂಟಿಸಿದರೆ ಮಾಸ್ತರರು ಸುಳ್ಳು ತುಂಬುತ್ತಾರೆ. ತುಂಬದೆ ಏನು ಮಾಡಿಯಾರು?

ಹಾಗಾದರೆ ಎಣಿಸುವವರು ಯಾರು? ಮಕ್ಕಳೇ ಎಣಿಸಲಿ ಅನ್ನುವುದು ನನ್ನ ಅನಿಸಿಕೆ. ಏಳು, ಎಂಟನೇ ತರಗತಿಯವರಿಗೆ ಹೇಗೂ ಯೋಜನಾ ಕಾರ್ಯ ಅಂತ ಇರುತ್ತದೆ, ಸಾಮಾನ್ಯವಾಗಿ ಅದು ಚಾರ್ಟಿನ ಮೇಲೆ ಚಿತ್ರ ಅಂಟಿಸುವಲ್ಲಿ ಮುಗಿಯುತ್ತದೆ. ಅದರ ಬದಲು ಓಣಿ ಓಣಿ ತಿರುಗಿ ಬರೆದು ತರಲಿ: ನಮ್ಮೂರಲ್ಲಿ ಬಯಲಾಟ ಕಲಿಸುವ ಆಟದ ಮಾಸ್ತರ ಯಾರು, ಸೋಬಾನ ಪದ ಎಷ್ಟು ಅಜ್ಜಿಯರಿಗೆ ಬರುತ್ತದೆ, ಹಲಗೆ ಬಾರಿಸುವವರು ಎಷ್ಟು ಮನೆ, ಲಂಬಾಣಿ ತಾಂಡಾದಲ್ಲಿ ಕಸೂತಿ ಹಾಕುವವರು ಎಷ್ಟು. ಅದೇ ಪುಸ್ತಕದಲ್ಲಿ ಇನ್ನೊಂದು ಕಡೆ ಬರೆಯಲಿ, ಇವರಲ್ಲಿ ಈ ವರ್ಷ ಎಷ್ಟು ಮಂದಿ ನಮ್ಮ ಶಾಲೆಯೊಳಗೆ ಬಂದು ಕಲಿಸಿದರು ಅಂತ. ತರಗತಿಯ ಎಷ್ಟು ಮಕ್ಕಳು ಒಂದು ಸಲವಾದರೂ ಅವರ ಜೊತೆ ಹಾಡಿದರು, ಬಾರಿಸಿದರು ಅಂತ. ವರ್ಷಕ್ಕೊಮ್ಮೆ ಶಾಲಾಭಿವೃದ್ಧಿ ಸಮಿತಿ, ಅಂದರೆ ಎಸ್‌ಡಿಎಂಸಿ ಸಭೆಯಲ್ಲಿ ಅದನ್ನು ಮಗುವೊಂದು ಗಟ್ಟಿಯಾಗಿ ಓದಲಿ. ಊರಿನವರ ಎದುರಿಗೆ ಓದುವಾಗ ಸುಳ್ಳು ನಡೆಯುವುದಿಲ್ಲ, ಯಾಕೆಂದರೆ ಪಟ್ಟಿಯಲ್ಲಿರುವ ಅಜ್ಜಿ ಅಲ್ಲಿಯೇ ಕೂತಿರುತ್ತಾಳೆ.

ಇದನ್ನು ಜಿಲ್ಲೆ ಜಿಲ್ಲೆಗೆ ಹೋಲಿಸಿ ಕಪ್ಪು ಕೊಡಬಾರದು. ಕೊಟ್ಟರೆ ತ್ರಿಶೂರಿನ ಜಗಳ ಕೊಪ್ಪಳಕ್ಕೂ ಬರುತ್ತದೆ. ಹೋದ ವರ್ಷಕ್ಕೂ ಈ ವರ್ಷಕ್ಕೂ ಅದೇ ಶಾಲೆಯ ಲೆಕ್ಕ ನೋಡಿದರೆ ಸಾಕು.

ಜಿಲ್ಲೆಯ ಮಟ್ಟದಲ್ಲಿ ಇನ್ನೂ ಸಲೀಸು. ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಬಡ ಹಿರಿಯ ಕಲಾವಿದರಿಗೆ ಮಾಸಾಶನ ಕೊಡುತ್ತದೆ, ಅಂದರೆ ಊರು, ಕಲೆ, ಹೆಸರು ಇರುವ ಪಟ್ಟಿ ಅವರ ಹತ್ತಿರ ಇದೆ. ಶಾಲೆಗಳ ಪಟ್ಟಿ ಜಿಲ್ಲೆಯ ಶಿಕ್ಷಣ ಇಲಾಖೆಯ ಮುಖ್ಯಸ್ಥರಾದ ಡಿಡಿಪಿಐ ಕಚೇರಿಯಲ್ಲಿದೆ. ಎರಡನ್ನೂ ಒಂದು ಮೇಜಿನ ಮೇಲೆ ಹರಡಿದರೆ ಯಾವ ಶಾಲೆಯ ಪಕ್ಕದಲ್ಲಿ ಯಾವ ಕಲಾವಿದ ಇದ್ದಾನೆ ಅಂತ ಒಂದು ಮಧ್ಯಾಹ್ನದಲ್ಲಿ ಗೊತ್ತಾಗುತ್ತದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯಲ್ಲಿ ಆರರಿಂದ ಎಂಟನೇ ತರಗತಿಯವರಿಗೆ ಹತ್ತು ದಿನ ಬ್ಯಾಗಿಲ್ಲದೆ ಊರಿನ ಕುಶಲಕರ್ಮಿ, ಕಲಾವಿದರ ಜೊತೆ ಕಲಿಯುವ ಮಾತಿದೆ. ಆ ನೀತಿಯನ್ನು ನಮ್ಮ ರಾಜ್ಯ ಮೊದಲು ಒಪ್ಪಿ ಆಮೇಲೆ ಕೈಬಿಟ್ಟಿತು, ಆ ಜಗಳ ನನಗೆ ಬೇಡ. ನಮ್ಮದೇ ಸಂಭ್ರಮ ಶನಿವಾರ ಇದೆಯಲ್ಲ, ಅದೂ ಬ್ಯಾಗಿಲ್ಲದ ದಿನವೇ. ಅದರಲ್ಲಿ ಒಂದೆರಡನ್ನು ಇದಕ್ಕೆ ಬಿಟ್ಟುಕೊಡಲಿ.

ಇಷ್ಟು ಹೇಳಿದ ಮೇಲೆ ಮಾಸ್ತರ ತಮ್ಮ ಸ್ವಲ್ಪ ಮೆತ್ತಗಾದ. “ಮಕ್ಕಳು ಬರಕೊಂಡು ಬರೋದಾದ್ರ ಅಡ್ಡಿಯಿಲ್ಲ ಬಿಡು. ಆದ್ರ ಆಟದ ಮಾಸ್ತರ ಒಂದಿನ ಕೂಲಿ ಬಿಟ್ಟು ಸಾಲಿಗೆ ಬರಬೇಕು. ಅಂವಗ ಪಗಾರ ಯಾರ್ ಕೊಡ್ತಾರ? ನಮ್ಮ ಗ್ರ್ಯಾಂಟು ಕರೆಂಟ್ ಬಿಲ್ಲಿಗೇ ಸಾಲಂಗಿಲ್ಲ.” ಕೇರಳದಲ್ಲಿ ಗುರುವಿಗೆ ದುಡ್ಡು ಕೊಡುವವರು ಹೆಚ್ಚಾಗಿ ಮಕ್ಕಳ ಅಪ್ಪ-ಅಮ್ಮ. ಬಡವರ ಮಕ್ಕಳು ಹೊರಗುಳಿಯುವುದು ಅಲ್ಲಿಂದಲೇ. ನಮ್ಮಲ್ಲಿ ಗ್ರಾಮ ಪಂಚಾಯಿತಿಯೋ, ಸಂಸ್ಕೃತಿ ಇಲಾಖೆಯೋ ಕೊಡಬೇಕು. ಉತ್ಸವದ ವೇದಿಕೆಗೆ ಸಿನಿಮಾ ಗಾಯಕರನ್ನು ಕರೆಸಲು ಆಗುವ ಖರ್ಚಿನಲ್ಲಿ ಒಂದು ಚೂರು ಇತ್ತ ತಿರುಗಿದರೂ ಒಂದು ತಾಲೂಕು ನಡೆಯುತ್ತದೆ. ಮಕ್ಕಳ ಆ ಪುಸ್ತಕದಲ್ಲಿ ಅದಕ್ಕೂ ಒಂದು ಕಾಲಂ ಇರಲಿ: ಊರಿನ ಕಲಾವಿದರಿಗೆ ಈ ವರ್ಷ ಕೊಟ್ಟ ಸಂಭಾವನೆ, ರೂಪಾಯಿಗಳಲ್ಲಿ. ಏನೂ ಕೊಡದಿದ್ದರೆ ಸೊನ್ನೆ ಅಂತಲೇ ಬರೆದು ಸಭೆಯಲ್ಲಿ ಓದಲಿ.